ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಜರ್ಕ್: ಗಾಳಿಯ ಬಿಸಿ ಅಳೆಯುವ ಸೆನ್ಸರ್ ಕಾರಣ ಇರಬಹುದಾ?

ರಾಯಚೂರು_ರಸ್ತೆ

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಎಂಜಿನ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಕೆಲಸದ ಮೇಲೆ ವಾರಕ್ಕೆ ಮೂರು ಸಲ ರಾಯಚೂರಿಂದ ಲಿಂಗಸುಗೂರಿಗೆ ಹೋಗಿ ಬರುತ್ತೇನೆ.

ಏಪ್ರಿಲ್ ಶುರುವಾದ ಮೇಲೆ ಒಂದು ತೊಂದರೆ ಕಾಡುತ್ತಿದೆ. ಮಧ್ಯಾಹ್ನ ದಾರಿಯಲ್ಲಿ ಚಹಾಕ್ಕೆ ಅಂತ ಹದಿನೈದು ನಿಮಿಷ ಗಾಡಿ ನಿಲ್ಲಿಸುತ್ತೇನೆ. ವಾಪಸ್ ಬಂದು ಸ್ಟಾರ್ಟ್ ಮಾಡಿದರೆ ಐಡಲಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ತಿರುಗುವಾಗ) ಗಾಡಿ ನಡುಗುತ್ತದೆ. ಮೊದಲ ಗೇರಲ್ಲಿ ಕ್ಲಚ್ ಬಿಡುವಾಗ ಗಾಡಿ ಎರಡು ಮೂರು ಸಲ ತಡವರಿಸುತ್ತದೆ. ಒಂದೆರಡು ಕಿಲೋಮೀಟರ್ ಹೋದ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತದೆ. ಬೆಳಗ್ಗೆ ಆರು ಗಂಟೆಗೆ, ರಾತ್ರಿ ಹತ್ತಕ್ಕೆ ಈ ತೊಂದರೆ ಇಲ್ಲವೇ ಇಲ್ಲ.

ಒಂದು ಗ್ಯಾರೇಜಲ್ಲಿ ಇಂಜೆಕ್ಟರ್ ಕ್ಲೀನ್ ಮಾಡಿಸಿದೆ, ಸ್ಪಾರ್ಕ್ ಪ್ಲಗ್ ಬದಲಿಸಿದೆ. ಸರಿಹೋಗಲಿಲ್ಲ. ಈಗ ಪೆಟ್ರೋಲ್ ಪಂಪ್ ಬದಲಿಸಬೇಕು ಅಂತಿದ್ದಾರೆ. ಇನ್ನೊಂದು ಅಂಗಡಿಯವರು 600 ರೂಪಾಯಿಯ ಒಂದು 'ಪವರ್ ಚಿಪ್' ತೋರಿಸಿದರು. ಗಾಳಿಯ ಸೆನ್ಸರ್ ವೈರಿಗೆ ಅದನ್ನು ಸೇರಿಸಿದರೆ ಬೇಸಿಗೆಯ ತೊಂದರೆಯೂ ಹೋಗುತ್ತದೆ, ಮೈಲೇಜೂ ಬರುತ್ತದೆ ಅಂದರು. ದುಡ್ಡು ಹಾಕುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ಗಾಡಿಯ ಸೆನ್ಸರ್ ಅಂಕಿಗಳನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ರೀಡರ್ ನನ್ನ ಹತ್ತಿರ ಇದೆ. ನೋಡಿ ಬರೆದಿಟ್ಟುಕೊಂಡ ಲೆಕ್ಕ ಹೀಗಿದೆ. ಹೊರಗೆ 41 ಡಿಗ್ರಿ ಇದ್ದ ದಿನ, ಚಹಾ ಮುಗಿಸಿ ಸ್ಟಾರ್ಟ್ ಮಾಡಿದಾಗ ಒಳಗೆ ಹೋಗುವ ಗಾಳಿಯ ತಾಪಮಾನ ಅಂತ 84 ತೋರಿಸಿತು. ಕೂಲಂಟ್ (ಎಂಜಿನ್ ತಣಿಸುವ ನೀರು) 96. ಹತ್ತು ನಿಮಿಷ 80ರ ವೇಗದಲ್ಲಿ ಓಡಿಸಿದ ಮೇಲೆ ಗಾಳಿ 58ಕ್ಕೆ ಇಳಿಯಿತು. ಬೆಳಗ್ಗೆ ಸ್ಟಾರ್ಟ್ ಮಾಡುವಾಗ 28 ಇತ್ತು, ಹೊರಗೂ ಅಷ್ಟೇ ಇತ್ತು. ಎರಡೂ ಫ್ಯೂಯಲ್ ಟ್ರಿಮ್ (ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಅಥವಾ ಕಮ್ಮಿ ಹಾಕುತ್ತಿದೆ ಅನ್ನುವ ತಕ್ಷಣದ ಮತ್ತು ದೀರ್ಘಕಾಲದ ತಿದ್ದುಪಡಿ) ಕೂಡಿಸಿದರೆ ಬೆಳಗ್ಗೆ ಪ್ಲಸ್ 4, ಮಧ್ಯಾಹ್ನ ಹೈವೇಯಲ್ಲಿ ಪ್ಲಸ್ 8, ನಿಲ್ಲಿಸಿ ಸ್ಟಾರ್ಟ್ ಮಾಡಿದ ಮೇಲೆ ಪ್ಲಸ್ 14. ಚೆಕ್ ಎಂಜಿನ್ ದೀಪ ಉರಿದಿಲ್ಲ.

ಓಮ್_ಮೀಟರ್

ಪಂಪ್ ಬೇಡ, ಚಿಪ್ ಅಂತೂ ಬೇಡವೇ ಬೇಡ. ನೀವು ಬರೆದಿಟ್ಟ ಅಂಕಿಗಳಲ್ಲೇ ಅರ್ಧ ಉತ್ತರ ಇದೆ.

ನಿಮ್ಮ ಎಂಜಿನ್ ಒಳಗೆ ಎಷ್ಟು ಗಾಳಿ ಬಂತು ಅಂತ ನೇರವಾಗಿ ತೂಗಿ ನೋಡುವುದಿಲ್ಲ, ಲೆಕ್ಕ ಹಾಕುತ್ತದೆ. ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಎಷ್ಟು ಅಂತ ಮ್ಯಾಪ್ ಸೆನ್ಸರ್ ಹೇಳುತ್ತದೆ. ಆ ಗಾಳಿ ಎಷ್ಟು ಬಿಸಿ ಅಂತ ತಾಪಮಾನದ ಸೆನ್ಸರ್ ಹೇಳುತ್ತದೆ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಅನ್ನುವುದು ಗೊತ್ತಿರುತ್ತದೆ. ಸಿಲಿಂಡರ್ ಎಷ್ಟು ಪಾಲು ತುಂಬುತ್ತದೆ ಅನ್ನುವ ಒಂದು ಕೋಷ್ಟಕ ಎಂಜಿನ್ ಕಂಪ್ಯೂಟರ್ ಇಸಿಯು ಒಳಗೇ ಇರುತ್ತದೆ. ಇವೆಲ್ಲ ಸೇರಿಸಿ ಗಾಳಿಯ ತೂಕ ಕಂಡುಕೊಂಡು, ಅದರ ಪ್ರಕಾರ ಇಂಜೆಕ್ಟರನ್ನು ಇಷ್ಟು ಹೊತ್ತು ತೆರೆದಿಡುತ್ತದೆ. ಒತ್ತಡ ಒಂದೇ ಇದ್ದರೂ ಬಿಸಿ ಗಾಳಿ ಹಗುರ, ತಂಪು ಗಾಳಿ ಭಾರ. ಹಾಗಾಗಿ ಗಾಳಿ ಬಿಸಿ ಅಂತ ಗೊತ್ತಾದ ಕೂಡಲೇ ಇಸಿಯು ಪೆಟ್ರೋಲ್ ಕಮ್ಮಿ ಮಾಡುತ್ತದೆ.

ಎಷ್ಟು ಕಮ್ಮಿ? ಸೆಲ್ಸಿಯಸ್ ಅಂಕಿಗೆ 273 ಕೂಡಿಸಿ ಭಾಗಿಸಿದರೆ ಸಾಕು. ನಿಮ್ಮ ಥ್ರಾಟಲ್‌ಗೆ (ಎಂಜಿನ್ ಒಳಗೆ ಗಾಳಿ ಬಿಡುವ ಕವಾಟಕ್ಕೆ) ನಿಜಕ್ಕೂ ಬರುತ್ತಿರುವ ಗಾಳಿ 50 ಡಿಗ್ರಿ ಅಂತ ಇಟ್ಟುಕೊಳ್ಳಿ. ಅದು 323. ಸೆನ್ಸರ್ ಹೇಳಿದ್ದು 84, ಅಂದರೆ 357. 323ನ್ನು 357ರಿಂದ ಭಾಗಿಸಿದರೆ 0.905. ಬೇಕಾದ್ದಕ್ಕಿಂತ ಒಂಬತ್ತೂವರೆ ಪರ್ಸೆಂಟ್ ಕಮ್ಮಿ ಪೆಟ್ರೋಲ್ ಬೀಳುತ್ತಿದೆ. ಎಂಜಿನ್ ಲೀನ್ ಆಗಿ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ) ನಡುಗುತ್ತದೆ. ಅದರ ಜೊತೆಗೆ, ಗಾಳಿ ಬಿಸಿ ಅಂತ ನಂಬಿದ ಇಸಿಯು ನಾಕಿಂಗ್ (ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಬಡಿಯುವುದು) ಭಯಕ್ಕೆ ಟೈಮಿಂಗನ್ನೂ, ಅಂದರೆ ಕಿಡಿ ಹಾರುವ ಹೊತ್ತನ್ನೂ, ಹಿಂದಕ್ಕೆ ತಳ್ಳುತ್ತದೆ. ಎರಡೂ ಸೇರಿ ಮೊದಲ ಗೇರಿನ ತಡವರಿಕೆ.

ಒಂದು ಪ್ರಶ್ನೆ. ನಿಮ್ಮ ಏರ್ ಫಿಲ್ಟರ್ ಬಾಕ್ಸ್ ಕಂಪನಿಯದ್ದೇ ಇದೆಯಾ? ಸೆನ್ಸರ್ ಎಲ್ಲಿ ಕೂತಿದೆ ನೋಡಿದ್ದೀರಾ? ಓಡುತ್ತಿರುವಾಗ 41 ಡಿಗ್ರಿ ಹವೆಗೆ 58 ತೋರಿಸುವುದು ತೀರ ಜಾಸ್ತಿ ಆಯ್ತು.

ಹುಬ್ಬಳ್ಳಿ_ಸ್ಪ್ಯಾನರ್

ಮೇಲಿನವರು ಹೇಳಿದ್ದು ಸರಿ. ಆದರೆ ಸೆನ್ಸರ್ ಮೇಲೆ ತಪ್ಪು ಹೊರಿಸುವ ಮೊದಲು ಇನ್ನೊಂದು ವಿಷಯ ತಳ್ಳಿಹಾಕಬೇಕು. 25 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಇದೇ ಲಕ್ಷಣ ಇನ್ನೊಂದು ಕಾರಣಕ್ಕೂ ಬರುತ್ತದೆ.

ಎಂಜಿನ್ ಆಫ್ ಮಾಡಿದ ಮೇಲೆ ಫ್ಯಾನ್ ಇಲ್ಲ, ಗಾಳಿ ಓಡಾಟ ಇಲ್ಲ. ಬಾನೆಟ್ ಒಳಗೆ ಬಿಸಿ ಏರುತ್ತಲೇ ಹೋಗುತ್ತದೆ. ಇಂಜೆಕ್ಟರ್ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡುವ ಪೈಪಿನಲ್ಲಿ) ನಿಂತ ಪೆಟ್ರೋಲ್ ಕಾದು ಆವಿಯ ಗುಳ್ಳೆ ಕಟ್ಟುತ್ತದೆ. ಈಗಿನ ಹೆಚ್ಚಿನ ಗಾಡಿಗಳಲ್ಲಿ ರೈಲಿಂದ ಟ್ಯಾಂಕಿಗೆ ವಾಪಸ್ ಪೈಪ್ ಇರುವುದಿಲ್ಲ. ಹಾಗಾಗಿ ಆ ಬಿಸಿ ಪೆಟ್ರೋಲ್ ಇಂಜೆಕ್ಟರ್ ಮೂಲಕವೇ ಖಾಲಿ ಆಗಬೇಕು. ಅಲ್ಲಿಯವರೆಗೆ ಗಾಡಿ ಲೀನ್ ಓಡುತ್ತದೆ.

ಪರೀಕ್ಷೆ ಸುಲಭ. ಮುಂದಿನ ಸಲ ಚಹಾ ಕುಡಿದು ಬಂದ ಮೇಲೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಪಂಪ್ ಎರಡು ಸೆಕೆಂಡ್ ಗುಂಯ್ ಅಂದು ನಿಲ್ಲುತ್ತದೆ. ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ರೈಲಿನ ಒತ್ತಡ ಏರಿ ಗುಳ್ಳೆ ಒಡೆಯುತ್ತದೆ. ತಡವರಿಕೆ ಹೋದರೆ ಅದು ಪೆಟ್ರೋಲ್ ಕಡೆಯ ತೊಂದರೆ. ಹೋಗದಿದ್ದರೆ ಗಾಳಿ ಕಡೆಯದು.

ಹೊಸ_ಚಾಲಕಿ

ನನಗೆ ಒಂದು ಅರ್ಥವಾಗಲಿಲ್ಲ. ಸೈಲೆನ್ಸರ್ ಕಡೆ ಆಕ್ಸಿಜನ್ ಸೆನ್ಸರ್ ಇರುತ್ತದೆ ಅಲ್ವಾ? ಲೀನ್ ಆದರೆ ಅದೇ ಕಂಡುಹಿಡಿದು ಸರಿಮಾಡುತ್ತದೆ ಅಂತ ಓದಿದ್ದೆ. ಹಾಗಿದ್ದರೆ ಗಾಳಿ ಬಿಸಿ ಯಾಕೆ ಗೊತ್ತಾಗಬೇಕು?

ಓಮ್_ಮೀಟರ್

ಆಕ್ಸಿಜನ್ ಸೆನ್ಸರ್ ಸಾರು ಕುದಿದ ಮೇಲೆ ರುಚಿ ನೋಡುವ ಹಾಗೆ. ಉಪ್ಪು ಕಮ್ಮಿ ಆಯ್ತು ಅಂತ ಹೇಳುತ್ತದೆ, ಆದರೆ ಆ ಹೊತ್ತಿಗೆ ಉರಿದದ್ದು ಉರಿದಾಗಿರುತ್ತದೆ. ತಾಪಮಾನದ ಸೆನ್ಸರ್ ಉಪ್ಪು ಹಾಕುವ ಮೊದಲೇ ನೀರೆಷ್ಟು ಅಂತ ಹೇಳುತ್ತದೆ.

ಅದೂ ಅಲ್ಲದೆ, ಆಕ್ಸಿಜನ್ ಸೆನ್ಸರ್ ಮಾತನ್ನು ಇಸಿಯು ಎಲ್ಲ ಹೊತ್ತಲ್ಲೂ ಕೇಳುವುದಿಲ್ಲ. ಸ್ಟಾರ್ಟ್ ಆದ ಕೂಡಲೇ ಅದಿನ್ನೂ ಕಾದಿರುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಸಿಯು ಬೇಕಂತಲೇ ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ 14.7 ಪಾಲು ಗಾಳಿ ಅನ್ನುವ ಲೆಕ್ಕ ಬಿಟ್ಟು 12.5–13ರ ಹತ್ತಿರ ರಿಚ್ ಆಗಿ, ಅಂದರೆ ಪೆಟ್ರೋಲ್ ಜಾಸ್ತಿ ಹಾಕಿ, ಓಡಿಸುತ್ತದೆ, ಆಗ ಈ ಸಣ್ಣ ಸೆನ್ಸರ್‌ಗೆ ಅದನ್ನು ಅಳೆಯಲು ಬರುವುದಿಲ್ಲ. ಅಂಥ ಹೊತ್ತಲ್ಲಿ ಗಾಳಿಯ ಲೆಕ್ಕ ತಪ್ಪಿದರೆ ತಿದ್ದುವವರೇ ಇಲ್ಲ. ರಾಯಚೂರಿನವರ ಗಾಡಿ ಒಂದೆರಡು ಕಿಲೋಮೀಟರ್ ಆದ ಮೇಲೆ ಸರಿಹೋಗುವುದು ಇದಕ್ಕೇ. ಗಾಳಿ ಬೀಸಿ ಸೆನ್ಸರ್ ತಣಿಯುತ್ತದೆ, ಟ್ರಿಮ್ ಮಿಕ್ಕಿದ್ದನ್ನು ತುಂಬುತ್ತದೆ.

ಇ20_ಅನುಮಾನ

ಲೀನ್ ಅಂದರೆ ಈಗ ಬಂಕಲ್ಲಿ ಸಿಗುವ ಇ20 (ನೂರಕ್ಕೆ 20 ಪಾಲು ಎಥನಾಲ್ ಬೆರೆತ) ಪೆಟ್ರೋಲ್ ಕಾರಣ ಇರಬಹುದಲ್ವಾ? 2012ರ ಗಾಡಿ ಬೇರೆ.

ಓಮ್_ಮೀಟರ್

ಒಂದು ಪಾಲು ಅದೂ ಇದೆ. ಎಥನಾಲ್ ಒಳಗೇ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು. ಆದರೆ ಎಥನಾಲ್‌ಗೆ ಬೆಳಗ್ಗೆ ಮಧ್ಯಾಹ್ನ ಅಂತ ಭೇದ ಇಲ್ಲ. ಅದರ ಪಾಲು ಎಲ್ಲ ಹೊತ್ತಲ್ಲೂ ಒಂದೇ. ಬೆಳಗಿನ ಪ್ಲಸ್ 4 ಬಹುಶಃ ಅದೇ. ಬಿಸಿಲೇರಿದ ಮೇಲೆ 8, ನಿಲ್ಲಿಸಿದ ಮೇಲೆ 14 ಆಗುತ್ತಿದೆಯಲ್ಲ, ಆ ಏರಿಕೆ ಗಾಳಿಯದ್ದು.

ರಾಯಚೂರು_ರಸ್ತೆ

ಇವತ್ತು ಹುಬ್ಬಳ್ಳಿಯವರು ಹೇಳಿದ ಪರೀಕ್ಷೆ ಮಾಡಿದೆ. ಕೀ ಮೂರು ಸಲ ಆನ್ ಆಫ್ ಮಾಡಿ ಸ್ಟಾರ್ಟ್ ಮಾಡಿದೆ. ಅದೇ ನಡುಕ, ಅದೇ ತಡವರಿಕೆ.

ಮನೆಗೆ ಬಂದು ಬಾನೆಟ್ ಎತ್ತಿದೆ. ಇಷ್ಟು ದಿನ ಸರಿಯಾಗಿ ನೋಡಿರಲೇ ಇಲ್ಲ. ಹಿಂದಿನ ಮಾಲೀಕರು ಕಂಪನಿಯ ಫಿಲ್ಟರ್ ಬಾಕ್ಸ್ ತೆಗೆಸಿ ಕೆಂಪು ಬಣ್ಣದ ಕೋನ್ ಫಿಲ್ಟರ್ ಹಾಕಿಸಿದ್ದಾರೆ. ಅದರ ಪೈಪಿನಲ್ಲಿ ಸೆನ್ಸರ್ ಕೂರಿಸಲು ತೂತೇ ಇಲ್ಲ. ಹಾಗಾದರೆ ಸೆನ್ಸರ್ ಎಲ್ಲಿ ಅಂತ ವೈರ್ ಹಿಡಿದು ಹುಡುಕಿದೆ. ರೇಡಿಯೇಟರ್ ಹಿಂದೆ, ಫ್ಯಾನಿನ ಚೌಕಟ್ಟಿನ ಪಕ್ಕ, ವೈರಿನ ಕಟ್ಟಿಗೆ ಒಂದು ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದಾರೆ. ಬಿಸಿಗೆ ಟೈ ಹಳದಿಯಾಗಿ ಮುಟ್ಟಿದರೆ ಪುಡಿಯಾಗುವ ಹಾಗಾಗಿದೆ. ಸೆನ್ಸರ್ ತುದಿಯ ಮೇಲೆ ಎಣ್ಣೆ ಬೆರೆತ ಧೂಳಿನ ಒಂದು ಪದರ ಗಟ್ಟಿಯಾಗಿ ಕೂತಿದೆ.

ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯನ್ನು ಅದು ಮುಟ್ಟಿಯೇ ಇಲ್ಲ. ರೇಡಿಯೇಟರ್ ಬಿಸಿಯನ್ನೇ ಗಾಳಿಯ ಬಿಸಿ ಅಂತ ಎರಡು ವರ್ಷ ಹೇಳುತ್ತಾ ಬಂದಿದೆ. ಇಸಿಯು ಅದನ್ನು ನಂಬಿಕೊಂಡು ಪೆಟ್ರೋಲ್ ಕಡಿಮೆ ಮಾಡಿದೆ. ನೋಡಿ ತುಂಬಾ ಬೇಜಾರಾಯಿತು.

ಓಮ್_ಮೀಟರ್

ಸಿಕ್ಕಿತಲ್ಲ! ಸೆನ್ಸರ್ ಎಸೆಯಬೇಡಿ. ಅದು ಚೆನ್ನಾಗಿಯೇ ಇರಬಹುದು. ಬಿಚ್ಚಿ, ತುದಿಯನ್ನು ಮೆತ್ತಗೆ ಒರೆಸಿ. ಒಂದು ಸ್ಟೀಲ್ ಲೋಟದಲ್ಲಿ ಐಸ್ ನೀರು, ಇನ್ನೊಂದರಲ್ಲಿ ಬಿಸಿ ನೀರು, ಒಂದು ಥರ್ಮಾಮೀಟರ್, ಒಂದು ಮಲ್ಟಿಮೀಟರ್ ಇಷ್ಟಿದ್ದರೆ ಸಾಕು. ತುದಿ ಮಾತ್ರ ಮುಳುಗಲಿ, ಪಿನ್ ಕಡೆ ನೀರು ಸೋಕಬಾರದು. ಇದರೊಳಗೆ ಇರುವುದು ಬಿಸಿಯಾದಷ್ಟೂ ತಡೆ ಕಮ್ಮಿಯಾಗುವ ಒಂದು ಸಣ್ಣ ಮಣಿ. ತುಂಬಾ ಗಾಡಿಗಳಲ್ಲಿ ಬರುವ ಬಗೆಯದ್ದು 0 ಡಿಗ್ರಿಗೆ ಸುಮಾರು 5,900 ಓಮ್, 20ಕ್ಕೆ 2,500, 40ಕ್ಕೆ 1,200, 60ಕ್ಕೆ 600, 80ಕ್ಕೆ 320 ತೋರಿಸುತ್ತದೆ. ಬೇರೆ ಬಗೆಯೂ ಇವೆ, ಅವುಗಳ ಅಂಕಿ ಬೇರೆ. ಆದರೆ ಇಳಿಯುವ ರೀತಿ ಇದೇ.

ಚೆಕ್ ಎಂಜಿನ್ ದೀಪ ಯಾಕೆ ಉರಿಯಲಿಲ್ಲ ಅಂದರೆ, ವೈರ್ ಕಡಿದು ಹೋದರೆ ಇಸಿಯುಗೆ ಮೈನಸ್ 40 ಡಿಗ್ರಿ ಕಂಡ ಹಾಗೆ ಆಗುತ್ತದೆ. ಅದು ಆಗದ ಮಾತು ಅಂತ ಗೊತ್ತಾಗಿ ಪಿ0113 ಕೋಡ್ ಬರುತ್ತದೆ. ಶಾರ್ಟ್ ಆದರೆ ಪಿ0112. 84 ಡಿಗ್ರಿ ಅನ್ನುವುದು ಆಗಬಹುದಾದ ಅಂಕಿಯೇ. ಸುಳ್ಳು ಅಂತ ಇಸಿಯುಗೆ ಅನುಮಾನ ಬರುವುದಿಲ್ಲ.

ಟ್ಯೂನಿಂಗ್_ಟೇಬಲ್

ಈ ಚರ್ಚೆ ನೋಡಿ ಸುಮ್ನೆ ಇರಲು ಆಗಲಿಲ್ಲ. ಹಳೇ 1.3 ಲೀಟರ್ ಸೆಡಾನ್‌ಗೆ ಸ್ಪೀಡುಯಿನೋ ಅನ್ನುವ ಬೇರೆ ಇಸಿಯು ಹಾಕಿ ನಾನೇ ಟ್ಯೂನ್ ಮಾಡುತ್ತೇನೆ. ಇದೇ ಸೆನ್ಸರ್ ವಿಷಯದಲ್ಲಿ ಮೂರು ತಿಂಗಳು ಒದ್ದಾಡಿದ್ದೇನೆ.

ಮೊದಲು ಆ 'ಚಿಪ್' ಬಗ್ಗೆ. ಅದರೊಳಗೆ ಇರುವುದು ಒಂದು ರೆಸಿಸ್ಟರ್, ಅಷ್ಟೇ. 1,300 ಓಮ್‌ನದು ಅಂತ ಇಟ್ಟುಕೊಳ್ಳಿ. ನಿಜವಾದ ಗಾಳಿ 40 ಡಿಗ್ರಿ ಇದ್ದಾಗ ಸೆನ್ಸರ್ 1,200, ಅದಕ್ಕೆ 1,300 ಸೇರಿ 2,500. ಇಸಿಯುಗೆ 20 ಡಿಗ್ರಿ ಅಂತ ಕಾಣುತ್ತದೆ. ಗಾಳಿ ಭಾರ ಇದೆ ಅಂದುಕೊಂಡು ಏಳು ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಮಾಮೂಲಿ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಕಂಡುಹಿಡಿದು ಆ ಏಳನ್ನು ವಾಪಸ್ ಕಿತ್ತುಕೊಳ್ಳುತ್ತದೆ. ಮೈಲೇಜ್ ಎಲ್ಲಿಂದ ಬರಬೇಕು ಹೇಳಿ. ಪೂರ್ತಿ ಒತ್ತಿದಾಗ ರಿಚ್ ಆಗಿ ಪೆಟ್ರೋಲ್ ಹಾಳು.

ನನಗೆ ನಿಜಕ್ಕೂ ಭಯ ಆಗುವುದು ಬಿಸಿ ಹೊತ್ತಿನದ್ದು. ಗಾಳಿ 80 ಡಿಗ್ರಿ ಇದ್ದಾಗ ಸೆನ್ಸರ್ 320, ಚಿಪ್ ಸೇರಿ 1,620. ಇಸಿಯುಗೆ ಕಾಣುವುದು 31 ಡಿಗ್ರಿ. ನಾಕಿಂಗ್ ತಪ್ಪಿಸಲು ಟೈಮಿಂಗ್ ಹಿಂದಕ್ಕೆ ತರಬೇಕಾದ ಹೊತ್ತಲ್ಲೇ ತರುವುದಿಲ್ಲ. ರಾಯಚೂರಿನ ಬಿಸಿಲು, ಎಸಿ ಆನ್, ನಾಲ್ಕು ಜನ ಗಾಡಿಯಲ್ಲಿ, ಫ್ಲೈಓವರ್ ಏರು. ಪಿಸ್ಟನ್ ಮೇಲೆ ಬೀಳುವ ಆ ಪೆಟ್ಟು ನೆನೆಸಿಕೊಳ್ಳಿ. ಅಂಥದ್ದನ್ನು ಜನರಿಗೆ ಮಾರಬಾರದು.

ಇನ್ನು ನನ್ನ ಕಥೆ. ಬೆಂಗಳೂರಲ್ಲಿ ಒಂದು ಭಾನುವಾರ ಮಧ್ಯಾಹ್ನ ಸಿಲಿಂಡರ್ ತುಂಬುವ ಕೋಷ್ಟಕವನ್ನು ಪೂರ್ತಿ ಟ್ಯೂನ್ ಮಾಡಿದೆ. ವೈಡ್‌ಬ್ಯಾಂಡ್ ಮೀಟರ್ (ಗಾಳಿ-ಪೆಟ್ರೋಲ್ ಪಾಲು ಅಳೆಯುವುದು) ಹಾಕಿ, ಪ್ರತಿ ಚೌಕಕ್ಕೂ ಗಾಡಿ ಓಡಿಸಿ, ಆರು ಗಂಟೆ ಕೆಲಸ. ಚಿನ್ನದ ಹಾಗೆ ಓಡಿತು. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ರಿಚ್. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೋಷ್ಟಕ ತಿದ್ದಿದೆ. ಮಧ್ಯಾಹ್ನ ಲೀನ್. ಮತ್ತೆ ತಿದ್ದಿದೆ. ವಾರಗಟ್ಟಲೆ ಇದೇ ಆಯಿತು.

ಕೊನೆಗೆ ಲಾಗ್ ತೆಗೆದು ಕೂತಾಗ ಗೊತ್ತಾಯಿತು. ನಾನು ಸೆನ್ಸರನ್ನು ಇನ್‌ಟೇಕ್ ಮ್ಯಾನಿಫೋಲ್ಡಿನ ಅಲ್ಯುಮಿನಿಯಂಗೇ ಕೊರೆದು ಕೂರಿಸಿದ್ದೆ. ಹಿತ್ತಾಳೆ ಮೈಯ, ತುದಿ ಮುಚ್ಚಿದ ಬಗೆಯದ್ದು. ಅದು ಗಾಳಿಗಿಂತ ಜಾಸ್ತಿ ಲೋಹದ ಬಿಸಿಯನ್ನೇ ಓದುತ್ತಿತ್ತು. ಗಾಳಿ 40 ಇದ್ದಾಗ 60 ಅನ್ನುತ್ತಿತ್ತು. ಇಸಿಯು ಆರು ಪರ್ಸೆಂಟ್ ಪೆಟ್ರೋಲ್ ಕಡಿಯಿತು. ನಾನು ವೈಡ್‌ಬ್ಯಾಂಡ್ ನೋಡಿ, ಕಮ್ಮಿ ಇದೆಯಲ್ಲ ಅಂತ ಕೋಷ್ಟಕದಲ್ಲಿ ಆರು ಪರ್ಸೆಂಟ್ ಏರಿಸಿದೆ. ಮರುದಿನ ತಂಪಲ್ಲಿ ಸೆನ್ಸರ್ ನಿಜ ಹೇಳಿತು. ಏರಿಸಿದ ಆ ಆರು ಹಾಗೇ ಉಳಿದಿತ್ತು. ತಪ್ಪು ಇದ್ದದ್ದು ಸೆನ್ಸರ್ ಕೂತ ಜಾಗದಲ್ಲಿ, ನಾನು ತಿದ್ದುತ್ತಾ ಹೋದದ್ದು ಕೋಷ್ಟಕವನ್ನು.

ಈಗ ಪ್ಲಾಸ್ಟಿಕ್ ಮೈಯ, ತುದಿ ತೆರೆದ ಸೆನ್ಸರ್. ಥ್ರಾಟಲ್‌ಗೆ ಒಂದು ಗೇಣು ಮೊದಲು, ರಬ್ಬರ್ ಪೈಪಿನಲ್ಲಿ ಕೂರಿಸಿದ್ದೇನೆ. ತುದಿ ತೆರೆದಿದ್ದರೆ ಗಾಳಿ ಮಣಿಯನ್ನೇ ಮುಟ್ಟುತ್ತದೆ, ಅಂಕಿ ಬೇಗ ಬದಲಾಗುತ್ತದೆ.

ಹೊಸ_ಚಾಲಕಿ

ಆದರೆ ಗಾಳಿ ಬಿಸಿ ಮ್ಯಾನಿಫೋಲ್ಡ್ ದಾಟುವಾಗ ಇನ್ನೂ ಬಿಸಿಯಾಗುತ್ತದೆ ಅಲ್ವಾ? ಅದಕ್ಕೂ ಮೊದಲೇ ಅಳೆದರೆ ತಣ್ಣಗಿನ ಅಂಕಿ ಸಿಗುವುದಿಲ್ಲವೇ?

ಟ್ಯೂನಿಂಗ್_ಟೇಬಲ್

ಬಹಳ ಒಳ್ಳೆಯ ಪ್ರಶ್ನೆ. ನಿಜಕ್ಕೂ ಬೇಕಾದ್ದು ಸಿಲಿಂಡರ್ ಬಾಗಿಲಲ್ಲಿ ಗಾಳಿ ಎಷ್ಟು ಬಿಸಿ ಅನ್ನುವುದು. ಅಲ್ಲಿ ಸೆನ್ಸರ್ ಇಡಲು ಆಗುವುದಿಲ್ಲ. ಹಾಗಾಗಿ ಅಂದಾಜು ಮಾಡುತ್ತಾರೆ. ಐಡಲಲ್ಲಿ ಗಾಳಿ ಸ್ವಲ್ಪ, ನಿಧಾನಕ್ಕೆ ಹೋಗುತ್ತದೆ, ದಾರಿಯ ಬಿಸಿಯನ್ನು ಚೆನ್ನಾಗಿ ಹೀರುತ್ತದೆ. ಆಗ ಕೂಲಂಟ್ ಅಂಕಿಗೆ ಜಾಸ್ತಿ ಪಾಲು ಕೊಡಬೇಕು. ಉದಾಹರಣೆಗೆ ಗಾಳಿ 40, ಕೂಲಂಟ್ 90. ಕೂಲಂಟಿಗೆ ನೂರಕ್ಕೆ ನಲವತ್ತು ಪಾಲು ಕೊಟ್ಟರೆ 60 ಡಿಗ್ರಿ ಅಂತ ಬರುತ್ತದೆ. ಪೂರ್ತಿ ಒತ್ತಿದಾಗ ಗಾಳಿ ಭರ್ರನೆ ಹೋಗುತ್ತದೆ, ಬಿಸಿ ಹೀರಲು ಪುರುಸೊತ್ತಿಲ್ಲ. ಆಗ ಸೆನ್ಸರ್ ಅಂಕಿಯನ್ನೇ ಹೆಚ್ಚುಕಮ್ಮಿ ನಂಬಬಹುದು. ಕಂಪನಿಯವರು ಈ ಪಾಲುಗಳನ್ನು ಸೆನ್ಸರ್ ಇಂಥ ಜಾಗದಲ್ಲೇ ಇರುತ್ತದೆ ಅಂತ ಇಟ್ಟುಕೊಂಡು ಅಳೆದು ಬರೆದಿರುತ್ತಾರೆ. ಜಾಗ ಬದಲಿಸಿದರೆ ಆ ಕೆಲಸ ಎಲ್ಲ ವ್ಯರ್ಥ.

ಇದು ಹೊಸ ವಿಷಯವೂ ಅಲ್ಲ. ಬಾಷ್ ಕಂಪನಿಯ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ ಡಿ-ಜೆಟ್ರಾನಿಕ್ 1967ರಲ್ಲಿ ಫೋಕ್ಸ್‌ವ್ಯಾಗನ್ 1600ರಲ್ಲಿ ಬಂತು. ಡಿ ಅಂದರೆ ಜರ್ಮನ್‌ನಲ್ಲಿ ಒತ್ತಡ. ಆ ವ್ಯವಸ್ಥೆಯಲ್ಲೂ ಮ್ಯಾನಿಫೋಲ್ಡ್ ಒತ್ತಡದ ಜೊತೆ ಗಾಳಿಯ ತಾಪಮಾನದ ಸೆನ್ಸರ್ ಇತ್ತು. ಒತ್ತಡ ಒಂದರಿಂದಲೇ ತೂಕ ಗೊತ್ತಾಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಗಾಳಿಯ ತೂಕವನ್ನೇ ಅಳೆಯುವ ಬಿಸಿ ತಂತಿಯ ಮಾಫ್ ಸೆನ್ಸರ್ ಬಂದ ಮೇಲೆ ಪೆಟ್ರೋಲ್ ಲೆಕ್ಕಕ್ಕೆ ಇದರ ಅಗತ್ಯ ಕಮ್ಮಿ ಆಯಿತು. ಟೈಮಿಂಗಿಗೆ ಈಗಲೂ ಬೇಕು.

ಕೊಡಗಿನ_ಕಾಫಿ

ಮಧ್ಯೆ ಬಂದೆ, ಕ್ಷಮಿಸಿ. ಮಡಿಕೇರಿಯಲ್ಲಿ ಗಾಳಿ ತಂಪು. ಹಾಗಿದ್ದರೆ ನಮ್ಮ ಗಾಡಿ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆಯೇ? ಶಕ್ತಿ ಜಾಸ್ತಿ ಇರಬೇಕಿತ್ತಲ್ಲ, ಆದರೆ ಮಂಗಳೂರಿಗೆ ಇಳಿದಾಗಲೇ ಗಾಡಿ ಚುರುಕು ಅನ್ನಿಸುತ್ತದೆ.

ಓಮ್_ಮೀಟರ್

ನಿಮಗೆ ಅನ್ನಿಸಿದ್ದು ಸರಿಯೇ. ತಂಪು ಒಂದು ಕಡೆ ಕೊಡುತ್ತದೆ, ಎತ್ತರ ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿದೆ. ಮಂಗಳೂರು, ಸಮುದ್ರ ಮಟ್ಟ, 101 ಕಿಲೋಪಾಸ್ಕಲ್, 32 ಡಿಗ್ರಿ: ಒಂದು ಘನ ಮೀಟರ್ ಗಾಳಿ 1.15 ಕಿಲೋ. ಮಡಿಕೇರಿ ಸುಮಾರು 1,170 ಮೀಟರ್ ಎತ್ತರ, ಒತ್ತಡ 88ರ ಹತ್ತಿರ, 18 ಡಿಗ್ರಿ: 1.05 ಕಿಲೋ. ಈಗ ರಾಯಚೂರು ನೋಡಿ. 400 ಮೀಟರ್ ಎತ್ತರ, ಒತ್ತಡ 96, ಬಿಸಿಲು 42 ಡಿಗ್ರಿ: 1.06 ಕಿಲೋ.

ಅಂದರೆ ರಾಯಚೂರಿನ ಉರಿ ಮಧ್ಯಾಹ್ನಕ್ಕೂ ಮಡಿಕೇರಿಯ ತಂಪು ಬೆಳಗಿಗೂ ಗಾಳಿಯ ತೂಕ ಹೆಚ್ಚುಕಮ್ಮಿ ಒಂದೇ! ಲೆಕ್ಕ ಮುಗಿಸಿದಾಗ ನನಗೇ ಆಶ್ಚರ್ಯ ಆಯಿತು. ಎತ್ತರದ ಪಾಲನ್ನು ಮ್ಯಾಪ್ ಸೆನ್ಸರ್ ನೋಡಿಕೊಳ್ಳುತ್ತದೆ, ಬಿಸಿಯ ಪಾಲನ್ನು ತಾಪಮಾನದ ಸೆನ್ಸರ್. ಇಬ್ಬರಲ್ಲಿ ಒಬ್ಬರು ತಪ್ಪು ಹೇಳಿದರೂ ಉತ್ತರ ತಪ್ಪು.

ಮಂಗಳೂರಿನ ಸೆಖೆಯ ತೇವವೂ ಸ್ವಲ್ಪ ಜಾಗ ತಿನ್ನುತ್ತದೆ. ಅದನ್ನು ಹೆಚ್ಚಿನ ಗಾಡಿಗಳು ಅಳೆಯುವುದೇ ಇಲ್ಲ, ಟ್ರಿಮ್ ತುಂಬಿಕೊಳ್ಳುತ್ತದೆ.

ಡೀಸೆಲ್_ದಾರಿ

ಡೀಸೆಲ್ ಟರ್ಬೊ ಗಾಡಿಯಲ್ಲೂ ಈ ಸೆನ್ಸರ್ ಇರುತ್ತದೆಯಾ?

ಹುಬ್ಬಳ್ಳಿ_ಸ್ಪ್ಯಾನರ್

ಇರುತ್ತದೆ. ಟರ್ಬೊ ಗಾಳಿಯನ್ನು ಒತ್ತಿದಾಗ ಗಾಳಿ ಕಾಯುತ್ತದೆ, ಇಂಟರ್‌ಕೂಲರ್ ತಣಿಸುತ್ತದೆ. ತಣಿದ ಮೇಲಿನ ಬಿಸಿಯನ್ನು ಮ್ಯಾನಿಫೋಲ್ಡ್ ಹತ್ತಿರ ಅಳೆಯುತ್ತಾರೆ. ತುಂಬಾ ಗಾಡಿಗಳಲ್ಲಿ ಒತ್ತಡ, ತಾಪಮಾನ ಎರಡೂ ಒಂದೇ ಸೆನ್ಸರ್‌ನಲ್ಲಿ, ನಾಲ್ಕು ಪಿನ್. ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಭಾಗ) ತರುವ ಮಸಿ ಕೂತು ಅದರ ತುದಿ ಮುಚ್ಚಿಹೋಗುತ್ತದೆ. ಸರ್ವಿಸ್ ಹೊತ್ತಲ್ಲಿ ಬಿಚ್ಚಿ ಕ್ಲೀನರ್ ಹೊಡೆಸಿ. ಕಡ್ಡಿ, ಬ್ರಷ್ ಹಾಕಿ ಕೆರೆಯಲು ಬಿಡಬೇಡಿ.

ರಾಯಚೂರು_ರಸ್ತೆ

ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲ ಮಾಡಿ, ಅಳೆದು, ಆಮೇಲೆ ಹೇಳೋಣ ಅಂತ ಕಾದೆ.

ಸೆನ್ಸರ್ ಪರೀಕ್ಷೆ ಅಡುಗೆ ಮನೆಯಲ್ಲೇ ಆಯಿತು. ಐಸ್ ನೀರಲ್ಲಿ 5,800 ಓಮ್. ಕೋಣೆಯ 32 ಡಿಗ್ರಿಗೆ 1,600. 60 ಡಿಗ್ರಿ ನೀರಲ್ಲಿ 610. ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಅಂಕಿ ಬರೆದುಕೊಂಡಳು. ಸೆನ್ಸರ್ ಏನೂ ಕೆಟ್ಟಿರಲಿಲ್ಲ.

ಕೋನ್ ಫಿಲ್ಟರ್ ತೆಗೆದೆ. ಗುಜರಿಯಲ್ಲಿ ಇದೇ ಮಾದರಿಯ ಫಿಲ್ಟರ್ ಬಾಕ್ಸ್, ಮುಂದಿನ ಗ್ರಿಲ್ ಕಡೆಯಿಂದ ಗಾಳಿ ತರುವ ಪೈಪ್ ಸಮೇತ 900 ರೂಪಾಯಿಗೆ ಸಿಕ್ಕಿತು. ಬಾಕ್ಸಿನ ಗೋಡೆಯಲ್ಲಿ ಸೆನ್ಸರ್ ಕೂರುವ ತೂತು ಇತ್ತು, ಅದರ ರಬ್ಬರ್ ಬಳೆ ಇರಲಿಲ್ಲ. ಅದಕ್ಕೇ ಎರಡು ದಿನ ತಿರುಗಿದೆ. ಕೊನೆಗೆ 40 ರೂಪಾಯಿಯ ಹೊಸ ಬಳೆ ಹಾಕಿ ಒತ್ತಿದಾಗ ಟಪ್ ಅಂತ ಕೂತಿತು. ಬ್ಯಾಟರಿ ವೈರ್ ಬಿಚ್ಚಿ ಹಳೇ ಟ್ರಿಮ್ ಅಳಿಸಿದೆ.

ನಿನ್ನೆ ಹೊರಗೆ 42 ಡಿಗ್ರಿ ಇತ್ತು. ಅದೇ ದಾರಿ, ಅದೇ ಚಹಾ ಅಂಗಡಿ, ಹದಿನೈದು ನಿಮಿಷ. ಸ್ಟಾರ್ಟ್ ಮಾಡಿದಾಗ 56 ತೋರಿಸಿತು. ಎರಡು ನಿಮಿಷ ಓಡಿಸುವುದರೊಳಗೆ 46ಕ್ಕೆ ಇಳಿಯಿತು. ಹೈವೇಯಲ್ಲಿ 44. ಟ್ರಿಮ್ ಎರಡೂ ಕೂಡಿ ಬೆಳಗ್ಗೆ ಪ್ಲಸ್ 4, ಮಧ್ಯಾಹ್ನ ಪ್ಲಸ್ 5, ಸ್ಟಾರ್ಟ್ ಮಾಡಿದ ಕೂಡಲೇ ಪ್ಲಸ್ 7. ಕ್ಲಚ್ ಬಿಟ್ಟರೆ ಗಾಡಿ ನೀಟಾಗಿ ಹೊರಟಿತು. ಹೊಸ ಪಂಪ್‌ನ ದುಡ್ಡು ಉಳಿಯಿತು. ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ.

ಬೆಳಗಿನ ಆ 4 ಇ20ರದ್ದೇ ಅಂತ ಬಿಟ್ಟುಬಿಡಲೇ, ಇಲ್ಲ ಎಲ್ಲಾದರೂ ಗಾಳಿ ಸೋರಿಕೆ ಹುಡುಕಲೇ?

ಹುಬ್ಬಳ್ಳಿ_ಸ್ಪ್ಯಾನರ್

ಐಡಲಲ್ಲಿ ಎಷ್ಟಿದೆ, 2,500 ಸುತ್ತಿಗೆ ಎಷ್ಟಿದೆ ಎರಡೂ ನೋಡಿ. ಐಡಲಲ್ಲಿ ಮಾತ್ರ ಜಾಸ್ತಿ ಇದ್ದರೆ ಸೋರಿಕೆ ಇರಬಹುದು. ಎರಡಲ್ಲೂ 4 ಇದ್ದರೆ ಬಹುಶಃ ಪೆಟ್ರೋಲಿನದ್ದೇ, ಬಿಡಿ.

ರಾಯಚೂರು_ರಸ್ತೆ

ಈಗಷ್ಟೇ ನೋಡಿದೆ. ಎರಡಲ್ಲೂ 4.